ವಿಮಾನ ನಿರ್ವಹಣೆ ಕಲಿಸೋಕೆ ಎಲ್ಲಿಗೆ ಹೋಗಬೇಕು? ಧಾರ್ಮಿಕ ವಿಶ್ವವಿದ್ಯಾಲಯ, ಎಎಂಇ ಸಂಸ್ಥೆ, ಎಂಆರ್‌ಒ, ಊರಿನ ಐಟಿಐ

ಕಳೆದ ಮಳೆಗಾಲದಲ್ಲಿ ಒಂದೇ ವಾರದಲ್ಲಿ ಮೂರು ಫೋನ್ ಬಂದವು. ಮೊದಲನೆಯದು ಅಂಕೋಲೆಯ ಹುಡುಗನದು. ನೌಕಾಪಡೆಯಲ್ಲಿ 15 ವರ್ಷ ಹೆಲಿಕಾಪ್ಟರ್ ಎಂಜಿನ್ ನೋಡಿಕೊಂಡಿದ್ದ. ಈಗ ಪಿಂಚಣಿ ತೆಗೆದುಕೊಂಡು ಮನೆಗೆ ಬಂದಿದ್ದಾನೆ. ಎರಡನೆಯದು ಶಿರಸಿ ಹತ್ತಿರದ ಹಳ್ಳಿಯ ಹೆಣ್ಣುಮಗಳದು, ಏರೋನಾಟಿಕಲ್‌ನಲ್ಲಿ ಎಂ.ಟೆಕ್ ಮಾಡಿದ್ದಾಳೆ. ಮೂರನೆಯವರು ಕುಮಟಾದವರು. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಲೈಸೆನ್ಸ್ ಇರುವ ಎಂಜಿನಿಯರ್, ಇಪ್ಪತ್ತು ವರ್ಷ ರಾತ್ರಿ ಪಾಳಿ ಮಾಡಿ ದಣಿದಿದ್ದಾರೆ. ಮೂವರೂ ಕೇಳಿದ್ದು ಒಂದೇ. "ಕಲಿಸೋ ಕೆಲಸಕ್ಕೆ ಹೋಗೋಣ ಅಂತಿದೆ. ನೀವಿರೋ ಹಾಗೆ ಧಾರ್ಮಿಕ ಸಂಸ್ಥೆಯ ಯೂನಿವರ್ಸಿಟಿ ಒಳ್ಳೇದಾ, ಬೇರೆ ಕಡೆ ನೋಡ್ಬೇಕಾ?"

ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸದಾಶಿವಗಡದವನು. ನೌಕಾಪಡೆಯಲ್ಲಿ ಚೇತಕ್ ಹೆಲಿಕಾಪ್ಟರ್ ಮೇಲೆ ಕೆಲಸ ಮಾಡಿದೆ. ಹೊರಬಂದ ಮೇಲೆ ಎರಡು ವರ್ಷ ಒಂದು ಎಎಂಇ ಸಂಸ್ಥೆಯಲ್ಲಿ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್‌ಗಳನ್ನು ತಯಾರು ಮಾಡುವ ಕಡೆ, ಕಲಿಸಿದೆ. ಈಗ ಆರು ವರ್ಷದಿಂದ ಕ್ರೈಸ್ತ ಟ್ರಸ್ಟ್ ಒಂದು ನಡೆಸುವ ವಿಶ್ವವಿದ್ಯಾಲಯದಲ್ಲಿ ವಿಮಾನ ನಿರ್ವಹಣೆಯ ಮಾಸ್ತರ.

ಮೊದಲು, ಯಾವುದನ್ನು ನೋಡಬೇಕು

ಸಂಬಳ ಎಷ್ಟು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಮೊದಲು ಕೇಳೋದು ಬೇರೆ: ಅಲ್ಲಿ ನಿಮ್ಮ ಕೈಯಲ್ಲಿ ಯಾವುದಕ್ಕೆ ಸಹಿ ಹಾಕಿಸುತ್ತಾರೆ?

ನಮ್ಮ ಕಸುಬಿನಲ್ಲಿ ಕೊನೆಗೆ ಉಳಿಯೋದು ಸಹಿ ಒಂದೇ. ಪ್ರತಿ ಹೊಸ ತರಗತಿಗೆ ನಾನು 1990ರ ಜೂನ್ 10ರ ಕಥೆ ಹೇಳುತ್ತೇನೆ. ಬ್ರಿಟಿಷ್ ಏರ್‌ವೇಸ್‌ನ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ಗೆ ಹೊರಟಿತ್ತು. ಸುಮಾರು 17 ಸಾವಿರ ಅಡಿ ಎತ್ತರದಲ್ಲಿ ಕಾಕ್‌ಪಿಟ್‌ನ ಎಡಗಡೆ ಗಾಜು ಕಿತ್ತು ಹೋಯಿತು. ಕ್ಯಾಪ್ಟನ್ ಅರ್ಧ ಮೈ ಹೊರಗೆ ಸಿಕ್ಕಿಬಿದ್ದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಆ ಗಾಜನ್ನು ಸುಮಾರು 27 ಗಂಟೆ ಮುಂಚೆ ರಾತ್ರಿ ಪಾಳಿಯಲ್ಲಿ ಬದಲಿಸಿದ್ದರು. 90 ಬೋಲ್ಟ್‌ಗಳಲ್ಲಿ 84 ಬೋಲ್ಟ್ ಬೇಕಾದ ದಪ್ಪಕ್ಕಿಂತ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ತೆಳು. ಉಳಿದ 6 ಉದ್ದದಲ್ಲಿ ಕಡಿಮೆ. ಹಳೆ ಬೋಲ್ಟ್ ಪಕ್ಕ ಹೊಸದನ್ನು ಇಟ್ಟು ಕಣ್ಣಳತೆಯಲ್ಲೇ ಆರಿಸಿದ್ದರು. ಪುಸ್ತಕ ತೆರೆದು ಪಾರ್ಟ್ ನಂಬರ್ ನೋಡಿರಲಿಲ್ಲ.

ಪುಸ್ತಕ ತೆರೆದು ನೋಡು, ನೋಡಿದ ಮೇಲೇ ಸಹಿ ಹಾಕು. ನಾವು ಕಲಿಸುವುದು ಇದನ್ನೇ. ಮಾಸ್ತರನೇ ನಡೆಯದ ಪ್ರಾಕ್ಟಿಕಲ್‌ಗೆ ಸಹಿ ಹಾಕಿಬಿಟ್ಟರೆ ಹುಡುಗ ಕಲಿಯೋದು ಏನನ್ನ?

ನಾನು ಕಲಿಸುತ್ತಿದ್ದ ಎಎಂಇ ಸಂಸ್ಥೆಯಲ್ಲಿ, ತಪಾಸಣೆಯ ಹಿಂದಿನ ದಿನ ಸಂಜೆ, ಹುಡುಗರು ಮಾಡಿದ ಪ್ರಾಕ್ಟಿಕಲ್ ಬರೆದಿಡುವ 22 ಲಾಗ್‌ಬುಕ್ ನನ್ನ ಮೇಜಿಗೆ ಬಂದವು. ಪ್ರೊಪೆಲ್ಲರ್ ಬಿಚ್ಚಿ ಜೋಡಿಸಿದ್ದಾರೆ ಅಂತ ಎಲ್ಲದರಲ್ಲೂ ಬರೆದಿತ್ತು. ಆ ವರ್ಷ ನಮ್ಮ ಪ್ರೊಪೆಲ್ಲರ್ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ನಾನು ಸಹಿ ಹಾಕಲಿಲ್ಲ. ಎರಡು ತಿಂಗಳಿಗೆ ಒಪ್ಪಂದ ಮುಗಿಯಿತು, ಮತ್ತೆ ಮುಂದುವರಿಸಲಿಲ್ಲ. ಎಲ್ಲ ಎಎಂಇ ಸಂಸ್ಥೆಗಳೂ ಹೀಗೇ ಅನ್ನುತ್ತಿಲ್ಲ, ಒಳ್ಳೆಯವೂ ಇವೆ. ಆದರೆ ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಬದಲಾಗಲಿಲ್ಲ.

ಎರಡನೆಯದು ಲೈಸೆನ್ಸ್. ನಿಮ್ಮ ಪಾಠ ಹುಡುಗರನ್ನು ಎಲ್ಲಿಗೆ ಮುಟ್ಟಿಸುತ್ತದೆ ಅನ್ನೋದು ಗೊತ್ತಿರಬೇಕು. ಪದವಿ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ವ್ಯವಸ್ಥೆಯದು. ವಿಮಾನ ಹಾರಲು ಯೋಗ್ಯ ಅಂತ ಸಹಿ ಹಾಕುವ ಹಕ್ಕು ಡಿಜಿಸಿಎ ಕೊಡುವ ಲೈಸೆನ್ಸ್‌ನದು. ಎರಡೂ ಒಂದೇ ಅಂತ ಎಷ್ಟೋ ಅಪ್ಪ ಅಮ್ಮ ತಿಳಿದಿರುತ್ತಾರೆ. ಲೈಸೆನ್ಸ್ ನಿಯಮ ಸಿಎಆರ್ 66, ತರಬೇತಿ ಸಂಸ್ಥೆಯ ಮಾನ್ಯತೆಯ ನಿಯಮ ಸಿಎಆರ್ 147. ಟರ್ಬೈನ್ ವಿಮಾನಗಳ ಬಿ1.1 ಅಥವಾ ಏವಿಯಾನಿಕ್ಸ್‌ನ (ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ) ಬಿ2 ವಿಭಾಗಕ್ಕೆ ಮಾನ್ಯತೆ ಪಡೆದ ಕೋರ್ಸ್ 2400 ಗಂಟೆಯದು. ಅದರ ಮೇಲೆ ಹಾರಾಟದಲ್ಲಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವ ಬೇಕು. ಪ್ರತಿ ಮಾಡ್ಯೂಲ್, ಅಂದರೆ ಒಂದೊಂದು ವಿಷಯದ ಪರೀಕ್ಷೆಯಲ್ಲೂ ಶೇಕಡಾ 75 ಅಂಕ ಬಂದರೇ ಪಾಸು. ಪಿಯುಸಿಯಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಅಂಕಕ್ಕೇ ಪಾಸಾಗಿ ಒಗ್ಗಿದ ಹುಡುಗನಿಗೆ ಇದು ದೊಡ್ಡ ಏರು.

ಮೂರನೆಯದು ನಿಮ್ಮದೇ ಅರ್ಹತೆ. ಲೈಸೆನ್ಸ್ ಇರುವವರು ಇದನ್ನು ಮರೆಯಲೇಬಾರದು. ಹಿಂದಿನ ಎರಡು ವರ್ಷದಲ್ಲಿ ಆರು ತಿಂಗಳ ನಿರ್ವಹಣಾ ಅನುಭವ ಇಲ್ಲದಿದ್ದರೆ ಸಹಿ ಹಾಕುವ ಹಕ್ಕು ಚಲಾಯಿಸುವಂತಿಲ್ಲ. ವರ್ಷಪೂರ್ತಿ ಬರೀ ತರಗತಿಯಲ್ಲಿ ನಿಂತರೆ ಅದು ಕೈಬಿಟ್ಟು ಹೋಗುತ್ತದೆ. ನೌಕಾಪಡೆಯಿಂದ ಬಂದವರ ಕಷ್ಟ ಬೇರೆ ಥರದ್ದು. 15 ವರ್ಷದ ಸೇವೆಗೆ ಕೊಡುವ ಪದವಿ ಸಮಾನತೆಯ ಪತ್ರ ಗ್ರೂಪ್ ಸಿ ಸರ್ಕಾರಿ ಹುದ್ದೆಗಳಿಗೆ ಅನುಕೂಲ. ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅದು ನಡೆಯೋದಿಲ್ಲ.

ಇನ್ನು ದುಡ್ಡು, ಮನೆ, ಊರಿನ ದೂರ. ಕೊನೆಗೆ ಸಂಸ್ಥೆಯ ನಂಬಿಕೆಗೂ ನಿಮ್ಮ ಬದುಕಿಗೂ ಹೊಂದಿಕೆ. ಇವನ್ನು ಒಂದೊಂದು ದಾರಿಯ ಜೊತೆಗೇ ಹೇಳುತ್ತೇನೆ.

ಎಎಂಇ ಸಂಸ್ಥೆ

ಲೈಸೆನ್ಸ್ ವಿಷಯದಲ್ಲಿ ಇದು ನೇರ ದಾರಿ. ಪಠ್ಯ ಡಿಜಿಸಿಎ ಹೇಳಿದ್ದು, ಗಂಟೆ ಡಿಜಿಸಿಎ ಹೇಳಿದ್ದು. ನೀವು ಕಲಿಸಿದ್ದು ಪರೀಕ್ಷೆಗೆ ಬರುತ್ತದೆ. ನೌಕಾಪಡೆ, ವಾಯುಪಡೆಯಿಂದ ಬಂದವರಿಗೆ ಇಲ್ಲಿ ಗೌರವವಿದೆ. ಪಿಎಚ್‌ಡಿ ಇಲ್ಲ ಅಂತ ಯಾರೂ ಮೂಗು ಮುರಿಯೋದಿಲ್ಲ, ಕೈಯಲ್ಲಿ ಕೆಲಸ ಇದೆಯಾ ಅಂತ ನೋಡುತ್ತಾರೆ.

ತೊಂದರೆ ಎಲ್ಲಿ ಅಂದರೆ, ಇವುಗಳಲ್ಲಿ ಹೆಚ್ಚಿನವು ಹುಡುಗರ ಫೀಸಿನ ಮೇಲೇ ನಡೆಯುವಂಥವು. ಸೇರುವವರು ಕಡಿಮೆಯಾದ ವರ್ಷ ಮಾಸ್ತರರ ಸಂಬಳ ತಡ. ಒಪ್ಪಂದ ವರ್ಷಕ್ಕೊಮ್ಮೆ. ಉಳಿಯಲು ಮನೆ ಕೊಡೋದು ಅಪರೂಪ. ಬೆಂಗಳೂರಿನಂಥ ಕಡೆ ಬಾಡಿಗೆ ಕಟ್ಟಿ, ಊರಿಗೂ ದುಡ್ಡು ಕಳಿಸಿ ಮಿಗಿಸೋದು ಕಷ್ಟ. ಪಿಂಚಣಿ ಇದ್ದವರು ತಡೆದುಕೊಳ್ಳಬಹುದು. ಇಲ್ಲದವರು ಯೋಚಿಸಬೇಕು.

ಧಾರ್ಮಿಕ ವಿಶ್ವವಿದ್ಯಾಲಯ

"ದೇವರ ಕೆಲಸ ಮಾಡುವವರಿಗೆ ವಿಮಾನದ ಉಸಾಬರಿ ಯಾಕೆ?" ನಮ್ಮೂರಲ್ಲಿ ತುಂಬಾ ಜನ ಕೇಳಿದ್ದಾರೆ. ಮಠ, ಚರ್ಚು ಶಿಕ್ಷಣ ನಡೆಸೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಗೋಕರ್ಣದ ಅಶೋಕೆಯಲ್ಲಿ ರಾಮಚಂದ್ರಾಪುರ ಮಠದ ವಿಷ್ಣುಗುಪ್ತ ವಿಶ್ವವಿದ್ಯಾಪೀಠವೇ ಇದೆ. ಅಲ್ಲಿನ ಪಾಠಗಳು ಬೇರೆ. ಆದರೆ ಧರ್ಮದ ಸಂಸ್ಥೆಯಲ್ಲಿ ಸ್ಪ್ಯಾನರ್ ಹಿಡಿಯೋದು ಅಂದರೆ ಜನಕ್ಕೆ ವಿಚಿತ್ರ ಅನಿಸುತ್ತದೆ.

ಇದಕ್ಕೆ ಅಮೆರಿಕದಲ್ಲಿ ಹಳೆಯ ಕಾರಣವಿದೆ. ಟೆಕ್ಸಾಸ್‌ನ ಲಾಂಗ್‌ವ್ಯೂ ಊರಿನ ಲೆಟೂರ್ನೊ ವಿಶ್ವವಿದ್ಯಾಲಯ ಕ್ರೈಸ್ತ ಸಂಸ್ಥೆ. ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುತ್ತಿದ್ದ ಆರ್.ಜಿ. ಲೆಟೂರ್ನೊ 1946ರಲ್ಲಿ ಅದನ್ನು ಶುರು ಮಾಡಿದರು. ಮಿಷಿಗನ್‌ನ ಆಂಡ್ರೂಸ್ ವಿಶ್ವವಿದ್ಯಾಲಯ ಸೆವೆಂತ್ ಡೇ ಅಡ್ವೆಂಟಿಸ್ಟರದು. ಎರಡೂ ಕಡೆ ವಿಮಾನ ನಿರ್ವಹಣೆ ಕಲಿಸಿದ್ದಾರೆ. 1945ರಲ್ಲಿ ಶುರುವಾದ ಮಿಷನ್ ಏವಿಯೇಶನ್ ಫೆಲೋಶಿಪ್‌ನಂಥ ಸಂಸ್ಥೆಗಳು ಪಾಪುವಾ ನ್ಯೂಗಿನಿಯಂಥ ಕಡೆ, ರಸ್ತೆಯೇ ಇಲ್ಲದ ಬೆಟ್ಟಗಳ ನಡುವೆ ಸಣ್ಣ ವಿಮಾನ ಹಾರಿಸುತ್ತವೆ. ಔಷಧ ಒಯ್ಯೋದು, ಗರ್ಭಿಣಿಯನ್ನು ಆಸ್ಪತ್ರೆಗೆ ತರೋದು, ಇಂಥ ಕೆಲಸ. ಕಾಡಿನ ನಡುವೆ ವಿಮಾನ ಇಳಿಯುವ ಪಟ್ಟಿಯಲ್ಲಿ ಮೇಲಧಿಕಾರಿ ಇರೋದಿಲ್ಲ, ಎರಡನೇ ಕಣ್ಣು ಇರೋದಿಲ್ಲ. ಅಂಥ ಕಡೆ ಯಾರೂ ನೋಡದಿದ್ದರೂ ಸರಿಯಾಗಿ ಮಾಡುವ ಮೆಕ್ಯಾನಿಕ್ ಬೇಕು. ಅಂಥವರನ್ನು ತಯಾರು ಮಾಡೋದೂ ಈ ಪಾಠ ಧರ್ಮದ ಅಂಗಳಕ್ಕೆ ಬರಲು ಒಂದು ಕಾರಣ.

ಅಲ್ಲಿ ಓದಿದವರಿಗೆ ಸಿಗೋದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎಯ ಪ್ರಮಾಣಪತ್ರ. ಅದು ನಮ್ಮ ಡಿಜಿಸಿಎ ಲೈಸೆನ್ಸ್ ಅಲ್ಲ. ಮಕ್ಕಳನ್ನು ಹೊರಗೆ ಕಳಿಸಲು ಯೋಚಿಸುವವರು ಇದನ್ನು ಗಮನದಲ್ಲಿಡಿ.

ನಮ್ಮಲ್ಲಿಗೆ ಬರೋಣ. ನನ್ನ ಅನುಭವದಲ್ಲಿ ಇಲ್ಲಿನ ದೊಡ್ಡ ಲಾಭ ಸಮಯ. ಎಎಂಇ ಸಂಸ್ಥೆಯಲ್ಲಿ ಲಾಕ್ ವೈರ್ ಹಾಕೋದಕ್ಕೆ ನನಗೆ ಎರಡು ದಿನ ಸಿಗುತ್ತಿತ್ತು. ಇಲ್ಲಿ ಎರಡು ವಾರ ತೆಗೆದುಕೊಂಡರೂ ಯಾರೂ ಕೇಳೋದಿಲ್ಲ. ಲಾಕ್ ವೈರ್ ಅಂದರೆ ಬೋಲ್ಟ್ ಅದುರಿ ಸಡಿಲಾಗದ ಹಾಗೆ ಎರಡು ಬೋಲ್ಟ್‌ಗಳ ತಲೆಗೆ ಸೇರಿಸಿ ಕಟ್ಟುವ ತಂತಿ. 0.032 ಇಂಚಿನ ತಂತಿಯಾದರೆ ಇಂಚಿಗೆ ಆರರಿಂದ ಎಂಟು ಸುತ್ತು ಬರಬೇಕು. ತಂತಿಯ ಎಳೆತ ಬೋಲ್ಟ್ ಬಿಗಿಯಾಗುವ ದಿಕ್ಕಿಗೇ ಇರಬೇಕು. ಕೊನೆಯ ಬಾಲ ಒಳಕ್ಕೆ ಮಡಿಸಿರಬೇಕು, ಇಲ್ಲದಿದ್ದರೆ ಮುಂದೆ ಕೈ ಹಾಕುವವನ ಬೆರಳು ಸೀಳುತ್ತದೆ.

ಹೋದ ವರ್ಷ ಸಿದ್ದಾಪುರ ಕಡೆಯ ಒಬ್ಬ ಹುಡುಗ ಬಂದಿದ್ದ. ಅವನ ಅಪ್ಪ ಕೊನೆಗೌಡ, ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಹುಡುಗನ ಇಂಗ್ಲಿಷ್ ಬಡಕಲು, ಥಿಯರಿಯಲ್ಲಿ ಹಿಂದೆ. ಆದರೆ ಮೊದಲ ದಿನವೇ ತಂತಿ ಸುತ್ತಿದ್ದು ನೋಡಿ ನಾನು ಅಲ್ಲೇ ನಿಂತೆ. ಎಲ್ಲ ಸುತ್ತೂ ಒಂದೇ ಸಮ. ಬಾಲ ಮಡಿಸಿದ ಮೇಲೆ ತನ್ನ ಹೆಬ್ಬೆರಳನ್ನೇ ಅದರ ಮೇಲೆ ಎಳೆದು ನೋಡಿದ. ಯಾರು ಹೇಳಿಕೊಟ್ಟರು ತಮಾ ಅಂದೆ. "ಅಪ್ಪ ಮರ ಹತ್ತೋಕೆ ಮುಂಚೆ ಹಗ್ಗದ ಮೇಲೆ ಹೀಗೇ ಕೈ ಆಡಿಸ್ತಾರೆ ಸರ್" ಅಂದ. ಇಂಥ ಹುಡುಗನ ಥಿಯರಿ ಎತ್ತಲು ನಾಲ್ಕು ಸೆಮಿಸ್ಟರ್ ಸಿಗೋದು ವಿಶ್ವವಿದ್ಯಾಲಯದಲ್ಲಿ. ಅವನಿಗೆ ಫೀಸಿನಲ್ಲಿ ರಿಯಾಯಿತಿಯೂ ಟ್ರಸ್ಟ್‌ನಿಂದ ಸಿಕ್ಕಿತು.

ಎರಡನೇ ಲಾಭ ನೆಲೆ. ನನಗೆ ಕ್ಯಾಂಪಸ್‌ನಲ್ಲೇ ಮನೆ ಇದೆ, ಮಗಳ ಶಾಲೆಯ ಫೀಸು ಅರ್ಧ. ಕೈಗೆ ಬರುವ ಸಂಬಳ ನಾನು ಬಿಟ್ಟುಬಂದ ಕಡೆಗಿಂತ ಕಡಿಮೆ, ತಿಂಗಳ ಕೊನೆಗೆ ಉಳಿಯೋದು ಜಾಸ್ತಿ. ಎಲ್ಲ ಕಡೆ ಹೀಗೆ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ಕೊರತೆಯೂ ಹಾಗೇ ದೊಡ್ಡದು. ಸಿಎಆರ್ 147 ಮಾನ್ಯತೆ ಇಲ್ಲದ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿದ ಹುಡುಗನ ಕೈಯಲ್ಲಿ ಪದವಿ ಇರುತ್ತದೆ, ಲೈಸೆನ್ಸ್ ಇರೋದಿಲ್ಲ. ಅವನು ಮಾಡ್ಯೂಲ್ ಪರೀಕ್ಷೆಗಳನ್ನು ಬೇರೆಯಾಗಿ ಬರೆಯಬೇಕು, ಅನುಭವದ ವರ್ಷಗಳೂ ಹೆಚ್ಚು ಬೇಕಾಗುತ್ತವೆ. ಸೇರಿಸಿಕೊಳ್ಳುವಾಗ ಇದನ್ನು ಬಾಯಿಬಿಟ್ಟು ಹೇಳುವ ಸಂಸ್ಥೆಯಾದರೆ ಹೋಗಿ. ಹೇಳದಿದ್ದರೆ, ಗೋಡೆಯ ಮೇಲೆ ಯಾವ ದೇವರ ಪಟ ಇದ್ದರೂ ಹೋಗಬೇಡಿ.

ಹುದ್ದೆಯ ಹೆಸರೂ ಒಂದು ತೊಡಕು. ಎಂ.ಟೆಕ್ ಇದ್ದವರು ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು. ನನ್ನಂಥವರು ಇನ್‌ಸ್ಟ್ರಕ್ಟರ್. ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಒಂದು ದಾರಿ ತೆರೆದಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ, ಅದೂ ಹಿರಿಯ ಮಟ್ಟದ್ದು, ಇರುವವರನ್ನು ಪದವಿಯ ಪಟ್ಟಿ ನೋಡದೆ ತೆಗೆದುಕೊಳ್ಳಬಹುದು. ಆದರೆ ಅಂಥವರು ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಇರುವಂತಿಲ್ಲ, ಒಟ್ಟು ಅವಧಿಯೂ ನಾಲ್ಕು ವರ್ಷ ಮೀರುವಂತಿಲ್ಲ. ಮನೆ ಕಟ್ಟುವ ಸಾಲಕ್ಕೆ ಇದನ್ನು ನಂಬಿಕೊಳ್ಳಬೇಡಿ.

ಈಗ ನಂಬಿಕೆಯ ಮಾತು. ಅಂಕೋಲೆಯ ಹುಡುಗ ಇದನ್ನೇ ಹಿಂಜರಿಯುತ್ತಾ ಕೇಳಿದ. ನಾನು ಹಿಂದೂ. ನಮ್ಮಲ್ಲಿ ದಿನ ಶುರುವಾಗೋದು ಪ್ರಾರ್ಥನೆಯಿಂದ. ನಾನು ಸುಮ್ನೆ ಕೈ ಕಟ್ಟಿ ನಿಲ್ಲುತ್ತೇನೆ, ಆರು ವರ್ಷದಲ್ಲಿ ಯಾರೂ ಏನೂ ಅಂದಿಲ್ಲ. ಸರ್ಕಾರ ಮಾನ್ಯ ಮಾಡಿದ ಶಿಕ್ಷಣ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅದು ವಿದ್ಯಾರ್ಥಿಗಳಿಗೆ. ಸಿಬ್ಬಂದಿಗೆ ನೇಮಕಾತಿ ಪತ್ರದಲ್ಲಿ ಏನಿದೆ ಅನ್ನೋದೇ ಮುಖ್ಯ, ಅದನ್ನು ಓದದೆ ಸಹಿ ಹಾಕಬೇಡಿ.

ಸಣ್ಣ ಸಂಗತಿಗಳು ದಿನದಿನದ ಬದುಕಿನಲ್ಲಿ ದೊಡ್ಡವಾಗುತ್ತವೆ. ಮಠದ ಅಥವಾ ಜೈನ ಸಂಸ್ಥೆಯ ಕ್ಯಾಂಪಸ್ ಆದರೆ ಶುದ್ಧ ಸಸ್ಯಾಹಾರ ಇರಬಹುದು. ದಿನಾ ಬಂಗಡೆ ಸಾರು ಉಂಡು ಬೆಳೆದವರಿಗೆ, ಕ್ವಾರ್ಟರ್ಸ್‌ನ ಅಡುಗೆಮನೆಗೂ ಆ ನಿಯಮ ಇದೆಯಾ ಅಂತ ಮೊದಲೇ ತಿಳಿದಿರಬೇಕು. ಅಡ್ವೆಂಟಿಸ್ಟರಲ್ಲಿ ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಸಂಜೆವರೆಗೆ ವಿಶ್ರಾಂತಿ. ವಾರದ ಕೊನೆಗೆ ಊರಿಗೆ ಬರುವವರ ಲೆಕ್ಕ ಬದಲಾಗುತ್ತದೆ. ಆಯುಧ ಪೂಜೆಯ ದಿನ ನನ್ನ ಕೈ ಈಗಲೂ ಅರಿಶಿನ ಕುಂಕುಮ ಹುಡುಕುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಆ ಪೂಜೆ ಇಲ್ಲ. ನನ್ನ ಸ್ವಂತ ಟೂಲ್‌ಬಾಕ್ಸ್ ಮನೆಗೆ ತಂದು ಹೆಂಡತಿ ಮಗಳ ಜೊತೆ ಪೂಜೆ ಮಾಡುತ್ತೇನೆ. ಮಾರನೇ ದಿನ ಮೈಕ್ರೋಮೀಟರ್ ಬಾಯಿಯನ್ನು ಬಟ್ಟೆಯಲ್ಲಿ ಚೊಕ್ಕ ಮಾಡಿಯೇ ಒಯ್ಯುತ್ತೇನೆ, ಒಂದು ಕಣ ಕುಂಕುಮ ಉಳಿದರೂ ಅಳತೆ ತಪ್ಪುತ್ತದೆ.

ಇಷ್ಟಾದರೂ ನಾನು ಇಲ್ಲಿ ಉಳಿದದ್ದಕ್ಕೆ ಒಂದು ಘಟನೆ ಕಾರಣ. ಎರಡನೇ ವರ್ಷ ಒಬ್ಬ ಹುಡುಗ ರಿವೆಟಿಂಗ್, ಅಂದರೆ ಮೊಳೆ ಬಡಿದು ತಗಡು ಜೋಡಿಸುವ ಪ್ರಾಕ್ಟಿಕಲ್‌ನಲ್ಲಿ ಫೇಲಾದ. ಟ್ರಸ್ಟ್‌ಗೆ ಬೇಕಾದವರ ಮನೆಯ ಹುಡುಗ. ಫೋನುಗಳು ಬಂದವು. ನಮ್ಮ ಡೀನ್ ಒಬ್ಬ ಫಾದರ್. ಅವರು ವರ್ಕ್‌ಶಾಪಿಗೆ ಬಂದು ಆ ತಗಡನ್ನು ಕೈಯಲ್ಲಿ ಹಿಡಿದರು, ಬೆಳಕಿಗೆ ಹಿಡಿದು ನೋಡಿದರು. ರಿವೆಟ್ ತಲೆ ಓರೆಯಾಗಿ ಅಡಿಯಲ್ಲಿ ಸಂದು ಕಾಣುತ್ತಿತ್ತು. "ಮತ್ತೆ ಮಾಡಲಿ" ಅಂದರು, ಅಷ್ಟೇ. ಆದರೆ ಇದನ್ನು ಎಲ್ಲ ಕಡೆಯೂ ನಿರೀಕ್ಷಿಸಬೇಡಿ. ಪ್ರಾರ್ಥನೆ ಇದೆ ಅಂದಮಾತ್ರಕ್ಕೆ ಪ್ರಾಮಾಣಿಕತೆ ಇದೆ ಅಂತ ಆಗೋದಿಲ್ಲ. ಅದನ್ನು ಟೂಲ್ ರೂಮಿನಲ್ಲಿ ನೋಡಬೇಕು.

ಎಂಆರ್‌ಒ ತರಬೇತಿ ವಿಭಾಗ

ವಿಮಾನಗಳನ್ನು ಬಿಚ್ಚಿ ಸರಿಪಡಿಸುವ ದೊಡ್ಡ ಹ್ಯಾಂಗರ್‌ಗಳಿವು. ಬೆಂಗಳೂರು, ಹೊಸೂರು, ಹೈದರಾಬಾದ್, ನಾಗ್ಪುರಗಳಲ್ಲಿವೆ. ಅಲ್ಲಿ ಕೆಲಸ ಮಾಡುವವರಿಗೇ ಮತ್ತೆ ಮತ್ತೆ ತರಬೇತಿ ಕೊಡಬೇಕು. ಮನುಷ್ಯ ಸಹಜ ತಪ್ಪುಗಳ ಬಗ್ಗೆ ಪಾಠವೂ ಅದರಲ್ಲಿ ಸೇರಿದೆ. ಸಂಬಳದಲ್ಲಿ ಈ ನಾಲ್ಕರಲ್ಲಿ ಇದೇ ಮುಂದು. ಹ್ಯಾಂಗರ್ ಪಕ್ಕದಲ್ಲೇ ಇರೋದರಿಂದ ಲೈಸೆನ್ಸ್ ಜೀವಂತ ಇಟ್ಟುಕೊಳ್ಳೋದೂ ಸುಲಭ. ಎದುರು ಕೂರುವವರು ಕೆಲಸ ಬಲ್ಲವರು, ತಪ್ಪು ಹೇಳಿದರೆ ಅಲ್ಲೇ ಹಿಡಿಯುತ್ತಾರೆ. ಆದರೆ ಲೈಸೆನ್ಸ್ ಇಲ್ಲದವರಿಗೆ ಬಾಗಿಲು ಕಿರಿದು. ಊರಂತೂ ದೂರ. ಹದಿನೆಂಟರ ಹುಡುಗನನ್ನು ಮೊದಲಿನಿಂದ ತಿದ್ದುವ ಸಂತೋಷ ಇಲ್ಲಿ ಸಿಗೋದಿಲ್ಲ.

ಊರಿನ ಐಟಿಐ

ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. ನಮ್ಮ ಜಿಲ್ಲೆಯ ಐಟಿಐಗಳಲ್ಲಿ ವಿಮಾನದ ಪಾಠವಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡ್‌ಗಳಿವೆ. ಆದರೆ ಅರ ಹಿಡಿಯೋದು, ವರ್ನಿಯರ್ ಓದೋದು, ಎಳೆ ಕೊರೆಯೋದು ವಿಮಾನದ ಕೆಲಸಕ್ಕೂ ಬುನಾದಿ. ಬೋಧಕರಾಗಲು ಸಿಐಟಿಎಸ್ ಅನ್ನುವ ಒಂದು ವರ್ಷದ ತರಬೇತಿ ಮಾಡಿಕೊಂಡರೆ ಅನುಕೂಲ. ಖಾಸಗಿ ಐಟಿಐಯಲ್ಲಿ ಸಂಬಳ ತೀರಾ ಕಡಿಮೆ, ಪಿಂಚಣಿ ಇದ್ದವರಿಗೆ ಮಾತ್ರ ಸರಿಹೋಗುತ್ತದೆ.

ಅಲ್ಲಿದ್ದುಕೊಂಡೇ ವಿಮಾನದ ಕಡೆ ಕಣ್ಣು ತೆರೆಸಬಹುದು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹಳೆ ಯುದ್ಧನೌಕೆ ಐಎನ್‌ಎಸ್ ಚಪಲ್ ಪಕ್ಕ ನಿಂತಿರುವ ಟುಪೊಲೆವ್ 142 ವಿಮಾನವನ್ನು ನೋಡಿದ್ದೀರಲ್ಲ? 2017ರಲ್ಲಿ ನೌಕಾಪಡೆಯ ಸೇವೆಯಿಂದ ಬಿಡುಗಡೆಯಾದದ್ದು. ನಾಲ್ಕು ಎಂಜಿನ್, ಒಂದೊಂದಕ್ಕೆ ಎರಡೆರಡು ಪ್ರೊಪೆಲ್ಲರ್, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ರಜೆಗೆ ಬಂದಾಗ ಪಕ್ಕದ ಮನೆ ಹುಡುಗರನ್ನು ಕರೆದುಕೊಂಡು ಹೋಗಿ, ಉಪ್ಪುಗಾಳಿ ಲೋಹಕ್ಕೆ ಏನು ಮಾಡುತ್ತದೆ ಅಂತ ಹೇಳುತ್ತೇನೆ. ಬೈತಖೋಲ ಬಂದರಿನ ಬೋಟ್ ನೋಡಿ ಬೆಳೆದ ಮಕ್ಕಳಿಗೆ ತುಕ್ಕಿನ ಪಾಠ ಬೇಗ ಹತ್ತುತ್ತದೆ.

ಯಾರಿಗೆ ಯಾವುದು

ಕುಮಟಾದವರಿಗೆ ನಾನು ಎಂಆರ್‌ಒ ತರಬೇತಿ ವಿಭಾಗ ಅಂದೆ. ಮಕ್ಕಳ ಓದಿನ ಖರ್ಚು ಇನ್ನೂ ಇದೆ, ಲೈಸೆನ್ಸ್ ಕಳೆದುಕೊಳ್ಳುವ ವಯಸ್ಸಲ್ಲ. ಹಗಲು ಪಾಳಿಯ ತರಬೇತಿ ಕೆಲಸ ಸಿಕ್ಕರೆ ದಣಿವೂ ಇಳಿಯುತ್ತದೆ. ವಿಶ್ವವಿದ್ಯಾಲಯವೇ ಬೇಕು ಅನಿಸಿದರೆ, ವರ್ಷಕ್ಕೆ ಮೂರು ತಿಂಗಳು ಹ್ಯಾಂಗರ್‌ಗೆ ಹೋಗಲು ಬಿಡುವು ಅಂತ ಪತ್ರದಲ್ಲಿ ಬರೆಸಿಕೊಳ್ಳಿ ಅಂದೆ.

ಶಿರಸಿಯ ತಂಗಿಗೆ ಎಂ.ಟೆಕ್ ಇದೆ, ಹ್ಯಾಂಗರ್ ಅನುಭವ ಇಲ್ಲ. ಅವಳಿಗೆ ಧಾರ್ಮಿಕ ವಿಶ್ವವಿದ್ಯಾಲಯ ಒಳ್ಳೆಯದು. ಹುದ್ದೆ ಗಟ್ಟಿ, ಪಿಎಚ್‌ಡಿಗೂ ದಾರಿ. ಹಾಸ್ಟೆಲ್ ವಾರ್ಡನ್ ಕೆಲಸವನ್ನೂ ತಲೆಗೆ ಕಟ್ಟುತ್ತಾರಾ ಅಂತ ಮಾತ್ರ ಕೇಳು ಅಂದೆ, ಒಂಟಿ ಹೆಣ್ಣುಮಕ್ಕಳಿಗೆ ಅದನ್ನು ಬೇಗ ಹೊರಿಸುತ್ತಾರೆ. ಅಲ್ಲಿನ ಹಳೆ ಇನ್‌ಸ್ಟ್ರಕ್ಟರ್ ಜೊತೆ ಎರಡು ವರ್ಷ ಗ್ರೀಸ್ ಮೆತ್ತಿಸಿಕೊಳ್ಳಲು ತಯಾರಿದ್ದರೆ ಅವಳು ಒಳ್ಳೆಯ ಮೇಡಂ ಆಗುತ್ತಾಳೆ.

ಅಂಕೋಲೆಯ ಹುಡುಗನದೇ ಕಷ್ಟದ ಲೆಕ್ಕ. ಪಿಂಚಣಿ ಇದೆ, ಕೈ ಇದೆ, ಡಿಗ್ರಿ ಇಲ್ಲ, ಮನೆಯಲ್ಲಿ ವಯಸ್ಸಾದ ಅಮ್ಮ. ಒಳ್ಳೆಯ ಎಎಂಇ ಸಂಸ್ಥೆ ಅಥವಾ ಇನ್‌ಸ್ಟ್ರಕ್ಟರ್ ಹುದ್ದೆ ಕೊಡುವ ವಿಶ್ವವಿದ್ಯಾಲಯ, ಎರಡರಲ್ಲಿ ಒಂದು. ಕೂತು ತೀರ್ಮಾನ ಮಾಡಬೇಡ, ಹೋಗಿ ನೋಡು ಅಂದೆ. ಆಫೀಸಿನಲ್ಲಿ ಕಾಫಿ ಕುಡಿದು ಬರೋದಲ್ಲ, ಟೂಲ್ ರೂಮಿಗೆ ಹೋಗು. ಬೋಲ್ಟನ್ನು ಅಳತೆಯಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ಕೈಗೆತ್ತಿಕೊಂಡು, ಅದರ ಅಳತೆ ಸರಿಯಿದೆ ಅಂತ ಪರೀಕ್ಷಿಸಿ ಅಂಟಿಸಿದ ಕ್ಯಾಲಿಬ್ರೇಶನ್ ಚೀಟಿಯ ತಾರೀಕು ನೋಡು. ಲಾಗ್‌ಬುಕ್ ಒಂದನ್ನು ತೆಗೆದು, ಅದರಲ್ಲಿ ಬರೆದ ಕೆಲಸ ಯಾವ ಎಂಜಿನ್ ಮೇಲೆ ಮಾಡಿದ್ದು ತೋರಿಸಿ ಅಂತ ಕೇಳು. ಒಂದು ವೈಸ್‌ಗೆ ಎಷ್ಟು ಹುಡುಗರು ಅಂತ ಎಣಿಸು. ಕಳೆದ ವರ್ಷ ಪ್ರಾಕ್ಟಿಕಲ್‌ನಲ್ಲಿ ಎಷ್ಟು ಜನ ಫೇಲಾದರು ಅಂತ ಕೇಳು. ಯಾರೂ ಆಗಿಲ್ಲ ಅಂದರೆ ಅನುಮಾನ ಪಡು.

ಬೆಂಗಳೂರಿಗೆ ಹೋಗುವ ಪಂಚಗಂಗಾ ರೈಲಿಗೆ ಟಿಕೆಟ್ ಆಗಿದೆ ಅಂತ ಮೊನ್ನೆ ಫೋನ್ ಮಾಡಿದ್ದ. ಎರಡು ದಿನ, ಎರಡು ಸಂಸ್ಥೆ. ಟಾರ್ಕ್ ರೆಂಚ್ ಚೀಟಿಯ ಫೋಟೊ ತೆಗೆದು ಕಳಿಸು ಅಂದಿದ್ದೇನೆ.